ಹದಿನೇಳನೆಯ ಸ್ಥಾನ

ದೇಶದ ಬೈಕ್ ರೇಸ್ ಚಾಂಪಿಯನ್‌ಷಿಪ್ಪನ್ನು ನಾಲ್ಕು ಸಲ ಗೆದ್ದವನಾದ್ದರಿಂದ ಬೀದಿಯವರೆಲ್ಲ ಅವನನ್ನು ಚಾಂಪಿಯನ್ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಅಷ್ಟೇ: “ಚಾಂಪಿಯನ್ನರೇ, ನಲ್ಲಿ ಸೋರ್ತಿದೆ.” ಬೀದಿಯ ತುದಿಯಲ್ಲಿ ಅವನದೊಂದು ಬೈಕ್ ರಿಪೇರಿ ಅಂಗಡಿ. ಗೋಡೆಯಲ್ಲಿ ಸ್ಪ್ಯಾನರುಗಳ ಸಾಲು, ಅದರ ಮೇಲೆ ಕಪ್ಪುಗಳ ಸಾಲು.

ಅವನು ರೇಸು ಬಿಡುವ ಹೊತ್ತಿಗೆ ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಒಂದು ರೇಸು ಅವನ ದೇಶದಲ್ಲೇ ನಡೆಯಿತು. ಸ್ಥಳೀಯರಿಗೆಂದು ಇಟ್ಟಿದ್ದ ಒಂದು ಜಾಗ ಅವನಿಗೆ ಸಿಕ್ಕಿತು. ಟ್ರ್ಯಾಕು ಹಳೆಯದೇ, ಯಾವ ತಿರುವಿನಲ್ಲಿ ಡಾಂಬರು ಎದ್ದಿದೆ ಎಂಬುದೂ ಅವನಿಗೆ ಗೊತ್ತಿತ್ತು. ಆದರೆ ಅವನು ಬ್ರೇಕು ಹಿಡಿಯುವಲ್ಲಿ ಉಳಿದವರು ಇನ್ನೂ ವೇಗ ಏರಿಸುತ್ತಿದ್ದರು. ಮೊದಲ ಸುತ್ತಿನಲ್ಲೇ ಅವನು ಕೊನೆಗೆ ಬಿದ್ದ. ರೇಸು ಮುಗಿಯುವ ಮುಂಚೆ ಅವರೆಲ್ಲ ಅವನಿಗಿಂತ ಒಂದು ಸುತ್ತು ಹೆಚ್ಚು ಹಾಕಿ ಬಂದು ಅವನನ್ನು ಮತ್ತೊಮ್ಮೆ ದಾಟಿದರು. ಹೆಲ್ಮೆಟ್ಟಿನೊಳಗೆ ಅವನ ಮುಖ ನಾಚಿಕೆಯಿಂದ ಸುಡುತ್ತಿತ್ತು.

ಅವನ ಮಾವ ಬಣ್ಣದ ಅಂಗಡಿ ಇಟ್ಟವರು. ಅಳಿಯನ ಫೋಟೋವನ್ನು ಗಲ್ಲಾದ ಹಿಂದೆಯೇ ತೂಗುಹಾಕಿದ್ದರು. “ಏನಾಯ್ತಪ್ಪಾ?” ಎಂದು ಕೇಳಿದರು.

“ಗೇರು ಕೈಕೊಡ್ತು ಮಾವ.”

ಗೇರಿಗೆ ಏನೂ ಆಗಿರಲಿಲ್ಲ.

ಹೆಂಡತಿಯ ತಮ್ಮ ಅವನ ಅಂಗಡಿಯಲ್ಲೇ ಬೈಕು ಬಿಚ್ಚಿ ಕಟ್ಟುವುದನ್ನು ಕಲಿತವನು. ದೇಶದೊಳಗೆ ಒಂದೇ ಒಂದು ವರ್ಷ ಓಡಿ ಎರಡನೆಯವನಾದ. ಅಷ್ಟಕ್ಕೇ ಹೊರದೇಶದ ತಂಡವೊಂದು ಅವನನ್ನು ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್ಪಿಗೆ ಕರೆದುಕೊಂಡಿತು. ಒಂದು ವರ್ಷ ಓಡಿ ಅವನು ಮನೆಗೆ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು.

“ಎಷ್ಟನೆಯವನಾದೆ?” ಎಂದರು ಮಾವ.

“ಹದಿನೇಳು.”

“ನಿನ್ನ ಭಾವ ನಾಲ್ಕು ಸಲ ಫಸ್ಟ್ ಬಂದೋರು. ಹದಿನಾರು ಜನರ ಬೆನ್ನು ನೋಡೋಕೆ ಅಷ್ಟು ದೂರ ಹೋಗ್ಬೇಕಿತ್ತಾ?”

ಎಲ್ಲರೂ ನಕ್ಕರು. ಭಾಮೈದನ ಕೈ ತಟ್ಟೆಯಲ್ಲೇ ನಿಂತಿತು. ಅವನು ಭಾವನ ಮುಖ ನೋಡಿದ. ಅಲ್ಲಿಯ ಹದಿನೇಳನೆಯವನು ಇಲ್ಲಿ ಓಡಿದರೆ, ಉಳಿದವರು ಗುರಿ ಮುಟ್ಟುವಷ್ಟರಲ್ಲಿ ಹೆಲ್ಮೆಟ್ಟು ತೆಗೆದು ನೀರು ಕುಡಿದಿರುತ್ತಾನೆ ಎಂಬುದು ಆ ಮನೆಯಲ್ಲಿ ಚಾಂಪಿಯನ್‌ಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ.

“ಇನ್ನೂ ಚಿಕ್ಕೋನು, ಕಲೀತಾನೆ ಬಿಡಿ ಮಾವ,” ಎಂದ.

ಮರುದಿನ ಭಾಮೈದ ರಿಪೇರಿ ಅಂಗಡಿಗೆ ಬಂದ. “ಭಾವ, ತಂಡದೋರು ಇನ್ನೊಂದು ವರ್ಷ ಬಾ ಅಂತಿದ್ದಾರೆ. ಅಪ್ಪ ಅಂಗಡೀಲಿ ಕೂತ್ಕೋ ಅಂತಾರೆ. ನೀವೊಂದು ಮಾತು ಹೇಳಿದ್ರೆ ಕೇಳ್ತಾರೆ.”

ಚಾಂಪಿಯನ್ ಚೈನು ಬಿಗಿಮಾಡುತ್ತಿದ್ದ. ತಲೆ ಎತ್ತದೆ “ನೋಡೋಣ” ಎಂದ. ಮಾವನಿಗೆ ಹೇಳಲಿಲ್ಲ. ಇವತ್ತು, ನಾಳೆ ಎನ್ನುವಷ್ಟರಲ್ಲಿ ತಂಡದವರು ಬೇರೊಬ್ಬನನ್ನು ಹಿಡಿದರು. ಭಾಮೈದ ಬಣ್ಣದ ಅಂಗಡಿಯಲ್ಲಿ ಕೂತ. ಡಬ್ಬಿಯ ಮುಚ್ಚಳ ಮೀಟುವುದು, ಗಿರಾಕಿ ತಂದ ತುಂಡಿಗೆ ಬಣ್ಣ ಹೊಂದಿಸುವುದು ಕಲಿತ. ಮದುವೆಯಾಯಿತು, ಹೊಟ್ಟೆ ಬಂತು. ಭಾವನ ಮೇಲೆ ಮುನಿಸು ತೋರಿಸಿದವನಲ್ಲ.

ಮಾವ ತೀರಿಕೊಂಡ ಮರುವರ್ಷ ಒಂದು ರಜೆಯ ಮಧ್ಯಾಹ್ನ ಇಬ್ಬರೂ ಟಿವಿಯಲ್ಲಿ ರೇಸು ನೋಡುತ್ತಿದ್ದರು. ಹಿಂದೆ ತಂಡದಲ್ಲಿ ಭಾಮೈದನ ಜಾಗಕ್ಕೆ ಹೋದವನು ಮೂರನೆಯವನಾಗಿ ಗೆದ್ದವರ ಕಟ್ಟೆ ಹತ್ತಿದ. ಚಾಂಪಿಯನ್‌ಗೆ ತಡೆಯಲಾಗಲಿಲ್ಲ.

“ನಿನ್ನ ಹದಿನೇಳರ ಮುಂದೆ ನನ್ನ ನಾಲ್ಕು ಕಪ್ಪು ಏನೂ ಅಲ್ಲ ಕಣೋ. ಹಾಳೂರಿಗೆ ಉಳಿದೋನೇ ಗೌಡ ಅಂತಾರಲ್ಲ, ಹಂಗೆ ನಾನು. ಅವತ್ತೇ ಗೊತ್ತಿತ್ತು ನಂಗೆ.”

“ನಂಗೂ ಗೊತ್ತಿತ್ತು ಭಾವ,” ಎಂದ ಭಾಮೈದ. “ಅಪ್ಪಂಗೆ ಮಾತ್ರ ಗೊತ್ತಾಗ್ಲೇ ಇಲ್ಲ” ಎಂದು ಚಪ್ಪಲಿ ಮೆಟ್ಟಿ ಹೊರಟ.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಅವ್ನು ನನ್ನ ತಮ್ಮ,” ಎಂದಳು. “ಅಪ್ಪಂಗೆ ಬೇಡ, ನಂಗಾದ್ರೂ ಹೇಳ್ಬಹುದಿತ್ತು. ನಾನು ಹೋಗಿ ಜಗಳ ಆಡ್ತಿದ್ದೆ.”

ಅವನು ಟಿವಿ ಆರಿಸಲು ಎದ್ದ. ಅವಳು ಆಗಲೇ ತಮ್ಮನ ಹಿಂದೆ ಬೀದಿಗೆ ಇಳಿದಿದ್ದಳು.