ಒಂದೇ ಉಸಿರಿನ ಎಣಿಕೆ

ನಛತ್ತರ್ ಸಿಂಗ್ ಎಂದೂ ಒಂದರಿಂದ ಎಣಿಸಿದವನಲ್ಲ. ನಮ್ಮ ಪಂಜಾಬಿನ ಮಂಡಿಗಳಲ್ಲಿ ಧಾನ್ಯ ತೂಗುವವರು ಮೊದಲ ತೂಕಕ್ಕೆ ‘ಬರ್ಕತ್’ ಎನ್ನುತ್ತಾರೆ, ಸಮೃದ್ಧಿಯಾಗಲಿ ಎಂದು. ಆಮೇಲೆ ಎರಡು, ಮೂರು. ನಲವತ್ತೊಂದು ವರ್ಷ ಅವನು ತಕ್ಕಡಿಯ ಪಕ್ಕ ನಿಂತು ಹಾಗೆ ಕೂಗಿದ. ಭತ್ತದ ರಾಶಿಗೆ ಕೈಹಾಕಿ, ಒಂದು ಹಿಡಿ ಮೂಗಿಗೆ ಹಿಡಿದು, ಯಾವ ತಳಿ, ಯಾರ ಹೊಲದ್ದು ಎಂದು ಹೇಳುತ್ತಿದ್ದ. ಆ ರಾಶಿಗಳ ಧೂಳೇ ಅವನ ಎದೆಯನ್ನು ತಿಂದಿತು.

ಕೆಲಸ ಬಿಟ್ಟ ಮೇಲೆ ಡಾಕ್ಟರೊಬ್ಬರು ಅವನಿಗೆ ಹೇಳಿಕೊಟ್ಟರು: ಒಂದೇ ಉಸಿರಿನಲ್ಲಿ ಎಷ್ಟು ಎಣಿಸಬಲ್ಲೆ, ದಿನಾ ನೋಡಿಕೊ. ಬೆಳಿಗ್ಗೆ ನಾನು ಚಹಾಕ್ಕೆಂದು ಅವನ ಮನೆಗೆ ಹೋಗುವ ಹೊತ್ತಿಗೆ ಹಗ್ಗದ ಮಂಚದ ಮೇಲೆ ಕೂತು, ಪೇಟ ಸರಿಮಾಡಿಕೊಂಡು ಶುರುಮಾಡುತ್ತಿದ್ದ. ಚೈತ್ರದಲ್ಲಿ ಇಪ್ಪತ್ತೆಂಟು. ಮಳೆ ತೊಳೆದ ಶ್ರಾವಣದಲ್ಲಿ ಮೂವತ್ತು. ಕಾರ್ತಿಕ ಬಂದು ಭತ್ತದ ಕೂಳೆ ಸುಡತೊಡಗಿದರೆ ಹತ್ತು, ಎಂಟು.

“ಇವತ್ತೆಷ್ಟು, ತಾಯಾಜಿ?” ಎಂದು ಬೀದಿಯ ಹೆಂಗಸರು, ದೊಡ್ಡಪ್ಪನನ್ನು ಕರೆಯುವಂತೆ ಕರೆದು ಕೇಳುತ್ತಿದ್ದರು.

“ಹನ್ನೊಂದು. ಬಟ್ಟೆ ಒಣಹಾಕಬ್ಯಾಡ್ರವ್ವ. ಇವತ್ತು ಸೂರ್ಯನೂ ರಜಾ ಹಾಕಿದಾನೆ.”

ಪಡುವಣ ಹೊಲಗಳ ಹೊಗೆ ನೇರ ಅವನ ಮನೆಗೇ ಬರುತ್ತಿತ್ತು. ಅದಕ್ಕೆ ಅಲ್ಲಿ ಬೆಂಕಿ ಹಚ್ಚುವವರು ಬೆಳಿಗ್ಗೆಯೇ ಅವನ ಮನೆಗೆ ಹೇಳಿಕಳಿಸುತ್ತಿದ್ದರು. ಸೊಸೆ ಸಿಮರ್ಜೀತ್ ಎರಡು ಅಂಗಿಯನ್ನೂ ಔಷಧಿಯನ್ನೂ ಚೀಲಕ್ಕೆ ತುಂಬಿ ಅವನನ್ನು ಬೆಟ್ಟದ ಬುಡದ ಊನಾದಲ್ಲಿರುವ ಮಗಳ ಮನೆಗೆ ಬಸ್ಸು ಹತ್ತಿಸುತ್ತಿದ್ದಳು. ಸುಡುವುದನ್ನು ಯಾರೂ ಬಿಡಲಿಲ್ಲ. ಹೇಳಿಕಳಿಸುವ ಮರ್ಯಾದೆಯನ್ನೂ ಯಾರೂ ಬಿಟ್ಟಿರಲಿಲ್ಲ.

ಹೋದ ವರ್ಷ ನಾನು ಗುರುದ್ವಾರದಲ್ಲಿ ಎದ್ದು ನಿಂತು, ಇನ್ನು ನನ್ನ ಹೊಲದಲ್ಲಿ ಕೂಳೆ ಸುಡುವುದಿಲ್ಲ ಎಂದು ಮಾತು ಕೊಟ್ಟೆ. ಅಲ್ಲಿ ಗ್ರಂಥ ಪಠಿಸುವ ಗ್ರಂಥಿಗಳು ನನ್ನ ಕೊರಳಿಗೆ ಕೇಸರಿ ಬಟ್ಟೆ ಹಾಕಿ ಗೌರವಿಸಿದರು. ಹೊರಗೆ ಚಪ್ಪಲಿ ಹುಡುಕುವಾಗ ನಛತ್ತರ್ ಶುರುಮಾಡಿದ.

“ಲೇ ಮಾಸ್ಟರ್, ಮದುಮಗನಂಗೆ ಕಾಣ್ತೀಯಲ್ಲೋ! ಈ ವಯಸ್ಸಲ್ಲಿ ನಿಂಗೆ ಹೆಣ್ಣು ಯಾರು ಕೊಡ್ತಾರೆ?”

“ನಿನಗೋಸ್ಕರ ಮಾಡಿದ್ದು ಕಣೋ.”

“ಹಂಗಾದ್ರೆ ಈ ಸಲ ಊನಾಗೆ ಹೋಗಲ್ಲ. ಮಗಳ ಮನೇಲಿ ಉಪ್ಪಿಲ್ಲ, ತುಪ್ಪ ಇಲ್ಲ, ಬರೀ ಬುದ್ಧಿಮಾತು. ಪಡುವಣದಲ್ಲಿ ನಿಂದೇ ದೊಡ್ಡ ಹೊಲ. ನಿನ್ನ ಮಾತಿದೆಯಲ್ಲ, ಸಾಕು.”

ನಾನು ಹಾಕಿದ್ದು ತಡವಾಗಿ ಕೊಯ್ಲಿಗೆ ಬರುವ ಪೂಸಾ ತಳಿಯ ಭತ್ತ; ಪಡುವಣದಲ್ಲಿ ಅದನ್ನು ಹಾಕಿದವನು ನಾನೊಬ್ಬನೇ. ಕೊಯ್ಲು ಮುಗಿಯುವ ಹೊತ್ತಿಗೆ ಹುಲ್ಲು ಕಟ್ಟುವ ಯಂತ್ರಕ್ಕೆ ಊರೆಲ್ಲ ಸರದಿ ಹಿಡಿದಿತ್ತು. ಹದಿನೆಂಟು ದಿನ ಕಾದೆ. ಅಕ್ಕಪಕ್ಕದವರ ಗೋಧಿ ಮೊಳಕೆಯೊಡೆದಿತ್ತು. ಕೂಳೆಯ ಬೆಂಕಿ ಪತ್ತೆಹಚ್ಚುವ ಉಪಗ್ರಹದ ಕಣ್ಣು ಮಧ್ಯಾಹ್ನ ಎರಡಕ್ಕೆ ದಾಟಿಹೋಗುತ್ತದೆ, ನಾಲ್ಕಕ್ಕೆ ಹಚ್ಚಿದರೆ ಯಾರಿಗೂ ಕಾಣದು ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಗಡಿಯಾರ ನೋಡಿಕೊಂಡೆ.

ನಾನು ಹಚ್ಚಲು ತೀರ್ಮಾನಿಸಿದ ದಿನ ಬೆಳಿಗ್ಗೆ ಅವನು ಹದಿನಾರು ಎಣಿಸಿದ್ದ. ಕಾರ್ತಿಕದಲ್ಲಿ ಹದಿನಾರು! ಮಗುವಿನಂತೆ ಹಿಗ್ಗಿದ್ದ.

“ಯಂತ್ರ ಬಂತಾ, ಮಾಸ್ಟರ್?”

“ನಾಳೆ ಬರುತ್ತೆ” ಎಂದೆ.

ನಿಜ ಹೇಳಿದರೆ ಮಾತು ಮುರಿದೆ ಎಂದೂ ಹೇಳಬೇಕಿತ್ತು. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಎಂದು ಪಾಠ ಮಾಡಿದ ಬಾಯಿ ಅದು.

ನಾಲ್ಕಕ್ಕೆ ನಾನೇ ಹಚ್ಚಿದೆ. ಆಚೆ ಊರಿನವರೂ ಹಚ್ಚಿದ್ದರು. ಗಾಳಿ ಸತ್ತಿತ್ತು. ಹೊಗೆ ಮೇಲೇಳದೆ ಬೀದಿಗಿಳಿದು ಅಲ್ಲೇ ನಿಂತಿತು. ದೀಪ ಹಚ್ಚುವ ಹೊತ್ತಿಗೆ ನಛತ್ತರನನ್ನು ಆಸ್ಪತ್ರೆಗೆ ಒಯ್ದರು. ಮರುದಿನ ನಾನು ಮೊದಲು ಮಾಡಿದ ಕೆಲಸ, ಹೊಲ ಉಳುಮೆ ಮಾಡಿಸಿ ಸುಟ್ಟ ಕರಿಯನ್ನು ಮಣ್ಣಿನಡಿ ಮುಚ್ಚಿದ್ದು. ಆಮೇಲೆ ಅವನನ್ನು ನೋಡಲು ಹೋದೆ.

ಮೂರನೆಯ ದಿನ ನನ್ನನ್ನು ಕಂಡು ಮುಖದ ಮೇಲಿನ ಆಮ್ಲಜನಕದ ಮಾಸ್ಕ್ ಸರಿಸಿದ. “ಬರ್ಕತ್… ಎರಡು…” ಎಂದ. ಮೂರು ಬರಲಿಲ್ಲ. ಉಸಿರು ಕೂಡಿಸಿಕೊಂಡು ಬೇರೆಯದೇ ಹೇಳಿದ:

“ಯಾರಾದ್ರೂ ಕೇಳಿದ್ರೆ… ಆಚೆ ಊರಿನ ಹೊಗೆ ಅನ್ನು.”

“ಹೂಂ” ಎಂದೆ. ಅವನು ಹಾಗೇ ನಂಬಿದ್ದಾನೆ ಎಂದುಕೊಂಡು ನನಗೆ ಸಮಾಧಾನವೂ ಆಯಿತು. ಮರುದಿನ ಬೆಳಿಗ್ಗೆ ಅವನು ತೀರಿಕೊಂಡ.

ಹತ್ತನೆಯ ದಿನದ ಪ್ರಾರ್ಥನೆಯಲ್ಲಿ ಪಂಚಾಯ್ತಿ ಮುಖ್ಯಸ್ಥರಾದ ಸರಪಂಚರು ನನ್ನತ್ತ ಕೈತೋರಿಸಿ, “ಎಲ್ರೂ ಮಾಸ್ಟರ್ಜಿ ಥರ ಇದ್ದಿದ್ರೆ ನಮ್ಮ ನಛತ್ತರ್ ಇವತ್ತು ಇಲ್ಲೇ ಕೂತಿರ್ತಿದ್ದ” ಎಂದರು. ನಾನು ತಲೆ ತಗ್ಗಿಸಿದೆ. ಜನ ಅದನ್ನು ವಿನಯ ಎಂದುಕೊಂಡರು.

ಒಂದು ವಾರ ಅನ್ನ ಇಳಿಯಲಿಲ್ಲ. ಕೊನೆಗೆ ಕೇಸರಿ ಬಟ್ಟೆಯನ್ನು ಮಡಚಿಕೊಂಡು ಸಿಮರ್ಜೀತಳ ಬಳಿ ಹೋದೆ. ಅವಳು ಅಂಗಳದಲ್ಲಿ ಸಾಸಿವೆ ಸೊಪ್ಪು ಬಿಡಿಸುತ್ತಿದ್ದಳು. ನಿಂತೇ ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

“ಗೊತ್ತು ಚಾಚಾಜಿ. ಅವತ್ತು ಕಿಟಕಿ ಮುಚ್ಚೋವಾಗ್ಲೇ ಮಾವ ಹೇಳಿದ್ರು. ‘ಇದು ಪೂಸಾ ಕೂಳೆ ವಾಸನೆ ಕಣಮ್ಮ, ಮಾಸ್ಟರ್ ಹೊಲದ್ದು. ಯಾರಿಗೂ ಹೇಳ್ಬೇಡ’ ಅಂದ್ರು.”

ಬಟ್ಟೆಯನ್ನು ಮಂಚದ ಮೇಲಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ.

“ಹಚ್ಚಿದ್ದಕ್ಕೆ ನಂಗೆ ಸಿಟ್ಟಿಲ್ಲ. ಊರೆಲ್ಲ ಹಚ್ಚುತ್ತೆ, ನನ್ನ ತವರಲ್ಲೂ ಹಚ್ತಾರೆ. ಅವತ್ತು ಬೆಳಿಗ್ಗೆ ಇದೇ ಮಂಚದ ಮೇಲೆ ಕೂತು ಚಹಾ ಕುಡಿದ್ರಲ್ಲ, ಒಂದು ಮಾತು ಹೇಳ್ಬೋದಿತ್ತು.” ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದಳು. “ಚೀಲ ಬಾಗಿಲ ಹಿಂದೇನೇ ಇತ್ತು ಚಾಚಾಜಿ. ಮೂರು ಗಂಟೆಗೆ ಊನಾ ಬಸ್ಸಿತ್ತು.”