ಸುಮ್ಮನಿದ್ದಷ್ಟೂ ಇಳಿದ ಮೊಣಕಾಲಿನ ರೇಟು

ಶರಣು ಎಲ್ಲರಿಗೂ. ಮೊದಲು ನೀವು ಹೇಳಿ, ಮೊಣಕಾಲಿನ ಆಪರೇಷನ್‌ಗೆ ಆಸ್ಪತ್ರೆಯವರು ಹೇಳಿದ ರೇಟು, ನೀವು ಚೌಕಾಶಿ ಮಾಡದಿದ್ದರೂ ತಾನಾಗಿ ಇಳಿದದ್ದುಂಟೇ? ನಮಗೆ ಹಾಗಾಯಿತು. ನೆನೆಸಿಕೊಂಡರೆ ಈಗಲೂ ಹೇಸಿಗೆ.

ನಮ್ಮದು ಕುಂದಗೋಳ ತಾಲೂಕಿನ ಯರಗುಪ್ಪಿ. ನಮ್ಮ ಅತ್ತೆಯ ಎರಡೂ ಮೊಣಕಾಲು ಸವೆದು, ಕಳೆದ ಶ್ರಾವಣದ ಹೊತ್ತಿಗೆ ಬಚ್ಚಲಿಗೂ ತೆವಳಿಕೊಂಡು ಹೋಗುವಂತಾಗಿತ್ತು. ನಾನು, ನಮ್ಮ ಮನೆಯವರು ಸೇರಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಬಸ್ಸಿನಲ್ಲಿ ಕರೆದೊಯ್ದೆವು. ಹತ್ತಿಸಲು ಕಂಡಕ್ಟರ್ ಕೂಡ ಕೈ ಹಚ್ಚಿದ. ಡಾಕ್ಟರು ಎಕ್ಸ್‌ರೇ ನೋಡಿ ಎರಡೂ ಕೀಲು ಬದಲಿಸಬೇಕೆಂದರು. ದುಡ್ಡಿನ ಮಾತಿಗೆ ಬೇರೆ ಕೋಣೆ. ಅಲ್ಲಿ ಟೈ ಕಟ್ಟಿದವನೊಬ್ಬ ಆರು ಲಕ್ಷದ ಪ್ಯಾಕೇಜ್ ಎಂದ. ಕೀಲಿಗೆಷ್ಟು, ಡಾಕ್ಟರಿಗೆಷ್ಟು ಎಂದು ಕೇಳಿದೆ.

"ಅದೆಲ್ಲಾ ನಿಮಗ್ಯಾಕ್ರಿ ಅಕ್ಕಾರ, ತಿಳಿಯೂದಿಲ್ಲ," ಎಂದು ನಕ್ಕ.

ಬ್ಲೌಸ್ ಹೊಲಿಯುವವಳೂ ಲೈನಿಂಗಿಗೆಷ್ಟು, ಹೊಲಿಗೆಗೆಷ್ಟು ಎಂದು ಬೇರೆ ಬೇರೆ ಹೇಳುತ್ತಾಳೆ.

ನಮ್ಮಲ್ಲಿ ದೊಡ್ಡ ಕೆಲಸಕ್ಕೆ ಮುಂಚೆ ಕಲ್ಮೇಶ್ವರನ ಗುಡಿಯಲ್ಲಿ ಹೂ ಕೇಳುವುದು ರೂಢಿ. ಲಿಂಗಕ್ಕೆ ಹಚ್ಚಿದ ಹೂ ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ಆ ಆಸ್ಪತ್ರೆಯ ಹೆಸರು ಹೇಳಿ ಕೇಳಿದೆವು. ಎಡಕ್ಕೆ ಬಿತ್ತು.

"ಶಿವಗೂ ನಾ ಬ್ಯಾಡಾದೆ," ಎಂದು ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದರು. ಊಟ ಬಿಟ್ಟರು. ನಾನು ದೇವರ ಜಗಲಿಯ ಮುಂದೆ ನಿಂತು, ಇವರನ್ನು ನಡೆಸು ಎಂದು ಬೇಡಿದೆನೋ ಜಗಳ ತೆಗೆದೆನೋ, ಎರಡೂ ಒಂದೇ ಆಗಿತ್ತು.

ಮರುದಿನ ಮುಂಜಾನೆ ಟೈಯವನ ಫೋನು ಬಂತು. ದೇವರ ಅಪ್ಪಣೆ ಆಗಿಲ್ಲ ಎಂದು ಇದ್ದದ್ದನ್ನೇ ಹೇಳಿದೆ. ಅವನು ಅದನ್ನು ಚೌಕಾಶಿ ಎಂದುಕೊಂಡು ಐದೂವರೆ ಎಂದ. ಸಂಜೆ ಮತ್ತೆ ಮಾಡಿ, ಅಪ್ಪಣೆ ಆಯಿತೇ ಎಂದು ವಿಚಾರಿಸಿ, ಐದಕ್ಕಿಳಿದ. ಸ್ಪೀಕರ್ ಹಚ್ಚಿದ್ದೆ. ಮಲಗಿದ್ದ ಅತ್ತೆ ಎದ್ದು ಕುಳಿತರು.

"ಕೇಳ ಅವಗ, ಮುಂಜಾನಿಂದ ಸಂಜಿಗೆ ನನ್ನ ಕಾಲಾಗ ಏನ್ ಕಡಿಮಿ ಆತಂತ."

ಕೇಳಿದೆ. ಕೀಲಿನದು ಇಳಿಸಿದಿರೋ, ಔಷಧದ್ದೋ ಎಂದೂ ಕೇಳಿದೆ.

"ಪ್ಯಾಕೇಜ್ ಅಂದ್ರ ಪ್ಯಾಕೇಜ್ ರೀ."

ಥೂ. ಮುದುಕಿಯ ನೋವನ್ನು ಸಂತೆಯ ಬದನೆಕಾಯಿ ಮಾಡಿಟ್ಟಿದ್ದರು. ಫೋನು ಇಟ್ಟಾಗ ಹೊಳೆಯಿತು: ನಾವು ಕೇಳಿದ್ದು ಆ ಆಸ್ಪತ್ರೆಯನ್ನು; ಶಿವ ಬೇಡವೆಂದದ್ದೂ ಅದನ್ನೇ, ಆಪರೇಷನ್ನನ್ನಲ್ಲ.

ಧಾರವಾಡದ ಇನ್ನೊಂದು ಆಸ್ಪತ್ರೆಗೆ ಹೋದೆವು. ಅಲ್ಲಿ ಕೀಲಿನ ಬೆಲೆ, ಡಾಕ್ಟರ ಫೀ, ಹಾಸಿಗೆ, ಔಷಧ, ಆಮೇಲಿನ ವ್ಯಾಯಾಮ, ಎಲ್ಲ ಬಿಡಿಬಿಡಿಯಾಗಿ ಹೇಳಿದರು. ಕೂಡಿದರೆ ನಾಲ್ಕರ ಮೇಲಾಯಿತು, ಅಗ್ಗವೇನಲ್ಲ. ಆದರೆ ಯಾವುದಕ್ಕೆ ಕೊಡುತ್ತಿದ್ದೇವೆಂದು ಗೊತ್ತಿತ್ತು. ಊರಿಗೆ ಬಂದು ಗುಡಿಯಲ್ಲಿ ಆ ಹೆಸರು ಹೇಳಿ ಕೇಳಿದಾಗ ಹೂ ಬಲಕ್ಕೆ ಬಿತ್ತು; ಆಪರೇಷನ್ ಅಲ್ಲೇ ಮಾಡಿಸಿದೆವು.

ದೀಪಾವಳಿಗೆ ಅತ್ತೆ ಒಲೆಯ ಮುಂದೆ ನೆಟ್ಟಗೆ ನಿಂತು, ನನ್ನ ಹೋಳಿಗೆ ದಪ್ಪವೆಂದು ಬೈದರು. ಬೈಸಿಕೊಳ್ಳುತ್ತಲೇ ಶಿವನಿಗೆ ಕೈ ಮುಗಿದೆ. ಬೇಡವೆನ್ನುವುದೂ ಅವನ ಕೃಪೆಯೇ ಎಂದು ಈಗ ಗಟ್ಟಿಯಾಗಿ ನಂಬಿದ್ದೇನೆ.

ನಿಮಗೂ ಇಂಥದ್ದಾಗಿದ್ದರೆ ಕೆಳಗೆ ಬರೆಯಿರಿ: ಎಷ್ಟು ಕೇಳಿದರು, ಯಾವುದಕ್ಕೆಂದು ಹೇಳಿದರೋ ಇಲ್ಲವೋ. ನಾಚಿಕೆ ಬೇಡ. ನಾಚಬೇಕಾದವರು ನಾವಲ್ಲ.