ಕೆಂಪು ದೀಪದ ಹಿಂದೆ ಖಾನಾಪುರಕ್ಕೆ

ಆ ಸೋಮವಾರ ಮಾಡಿದ ಕೆಲಸ: ಐದಕ್ಕೆ ಎದ್ದು ನಳದ ನೀರು ಹಿಡಿದೆ. ಅತ್ತೆಯವರ ಪೂಜೆಗೆ ವಿಭೂತಿ, ಹೂವು ಇಟ್ಟೆ. ಹನ್ನೆರಡು ರೊಟ್ಟಿ ಬಡಿದೆ. ಶಾಲೆಯಲ್ಲಿ ಐದನೇ ಇಯತ್ತೆಗೆ ಹಗಲು ರಾತ್ರಿ ಹೇಗಾಗುತ್ತವೆಂಬ ಪಾಠ ಮಾಡಿದೆ. ಬರುವಾಗ ರವಿವಾರ ಪೇಟೆಯ ಅಂಗಡಿಗೆ ಹೋಗಿ, ನಮ್ಮ ಮನೆಯವರಿಗೆ ರಾತ್ರಿ ಕಣ್ಣು ಕಾಣುವುದಿಲ್ಲವೆಂದು ಅವರ ಸಾವಕಾರರಿಗೆ ಹೇಳಿ ಬಂದೆ. ಹರಿದ ಕೌದಿಗೆ ಎರಡು ತೇಪೆ ಹಾಕಿದೆ.

ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲ. ಬೆಳಗಾವಿಯ ಹಳೇ ಪೇಟೆಯಲ್ಲಿ ಬಾಡಿಗೆ ಮನೆ, ನಾವು ಮೂವರು. ನಾನು ಕನ್ನಡ ಶಾಲೆಯ ಶಿಕ್ಷಕಿ. ಮನೆಯವರು ಕಿರಾಣಿ ಸಗಟು ವ್ಯಾಪಾರದ ಸಾವಕಾರರ ಟೆಂಪೋ ಓಡಿಸುತ್ತಿದ್ದರು. ಸಂಜೆ ಬೆಲ್ಲ, ಬೇಳೆ ಹೇರಿಕೊಂಡು ಖಾನಾಪುರದ ಅಂಗಡಿಗಳಿಗೆ ಮುಟ್ಟಿಸಿ, ರಾತ್ರಿ ಅಲ್ಲೇ ಮಲಗಿ, ಬೆಳಕು ಹರಿದ ಮೇಲೆ ಮರಳುತ್ತಿದ್ದರು. ರವಿವಾರವಷ್ಟೇ ರಾತ್ರಿ ಮನೆಯಲ್ಲಿ.

ಮೊದಲು ಗೊತ್ತಾದದ್ದು ನಾಟಕದಲ್ಲಿ. ಊರಿಗೆ ಕಂಪನಿ ಬಂದಿತ್ತು. ರಂಗದ ಮೇಲೆ ರಾತ್ರಿಯೆಂದರೆ ಬಿಳಿ ದೀಪ ಆರಿಸಿ ಒಂದು ನೀಲಿ ಬಲ್ಬು ಹಚ್ಚುವುದು, ಅಷ್ಟೇ. ಆ ಮಸುಕಿನಲ್ಲಿ ನಾಯಕಿ ಬಾವಿಕಟ್ಟೆಗೆ ಬಂದು ಕುಳಿತು ಅಳುತ್ತಿದ್ದಳು. ಮುಂದಿನ ಸಾಲಿನ ಹೆಂಗಸರು ಮೂಗು ಒರೆಸಿಕೊಳ್ಳುತ್ತಿದ್ದರು. ಇವರು ನನ್ನ ಕಿವಿಯಲ್ಲಿ, “ಕರೆಂಟ್ ಹೋತ ನೋಡು. ಒಳಗ ಯಾರೋ ಅಳಾಕತ್ತಾರ” ಎಂದರು. ಚೇಷ್ಟೆಯೆಂದುಕೊಂಡು ನಕ್ಕೆ. ಹೊರಬರುವಾಗ ನನ್ನ ಸೆರಗಿನ ತುದಿ ಹಿಡಿದುಕೊಂಡೇ ನಡೆದರು.

ಆಮೇಲೆ ನಾನು ರಾತ್ರಿಯನ್ನು ಬರೆದಿಡತೊಡಗಿದೆ. ಹಿತ್ತಲ ತಂತಿಯ ಮೇಲಿನ ಬಿಳಿ ಧೋತರ ಇವರಿಗೆ ಎಷ್ಟು ಹೊತ್ತಿನವರೆಗೆ ಕಂಡಿತು, ಚಂದ್ರನಿದ್ದನೋ ಇಲ್ಲವೋ. ಬೀದಿಯ ದೀಪಗಳು ಎಲ್ಲಿಯವರೆಗೆ ಇವೆ: ಪೇಟೆಯಲ್ಲಿ ಸಾಲಾಗಿ, ಖಾನಾಪುರದ ದಾರಿಯ ಪೀರನವಾಡಿಗೆ ಬರುವಷ್ಟರಲ್ಲಿ ಒಂದೊಂದು, ಆಚೆಗೆ ಇಲ್ಲವೇ ಇಲ್ಲ. ವಾಚನಾಲಯದಿಂದ ಕಣ್ಣಿನ ಪುಸ್ತಕ, ನಕ್ಷತ್ರಗಳ ಪುಸ್ತಕ ತಂದೆ. ನಮ್ಮ ಶಾಲೆಯ ಚಿತ್ರಕಲೆಯ ಮಾಸ್ತರರನ್ನೂ ಕೇಳಿದೆ. ರಾತ್ರಿಯ ಚಿತ್ರಕ್ಕೆ ತಾವು ಕಪ್ಪು ಮುಟ್ಟುವುದೇ ಇಲ್ಲ, ನೀಲಿಗೆ ಕಂದು ಬೆರೆಸುವುದು ಎಂದರು. ಅದನ್ನು ಇವರಿಗೆ ಹೇಳಿದರೆ, “ನನ್ನ ರಾತ್ರಿ ಬರೇ ಕಪ್ಪ ಐತಿ ಅಂತ ಮಾಸ್ತರಗ ಹೇಳು” ಎಂದು ನಕ್ಕರು.

ಇರುಳುಗಣ್ಣಿಗೆ ಒಳ್ಳೆಯದೆಂದು ಪುಸ್ತಕದಲ್ಲಿದ್ದ ಗಜ್ಜರಿ, ನುಗ್ಗೆಸೊಪ್ಪು ತಿನ್ನಿಸಿದೆ. ಎರಡು ತಿಂಗಳಾದರೂ ಧೋತರ ಕಾಣುವ ಹೊತ್ತು ಬೆಳೆಯಲಿಲ್ಲ. ಡಾಕ್ಟರರು ಕಣ್ಣಿನೊಳಗೆ ದೀಪ ಬಿಟ್ಟು ನೋಡಿ, ಹಿಂದಿನ ಪರದೆ ಅಂಚಿನಿಂದ ಒಣಗುತ್ತ ಬರುತ್ತಿದೆ, ಸೊಪ್ಪಿನಿಂದ ಆಗುವ ಕೆಲಸವಲ್ಲ ಎಂದರು. ಇವರ ತಂದೆ ತಾಯಿ ಸಂಬಂಧದೊಳಗಿನವರೇ ಎಂದು ಕೇಳಿದರು. ಸ್ವಂತ ಸೋದರಮಾವನನ್ನೇ ಮದುವೆಯಾಗಿದ್ದ ಅತ್ತೆ ನೆಲ ನೋಡುತ್ತ ಕುಳಿತರು. ಕತ್ತಲಾದ ಮೇಲೆ ಗಾಡಿ ಮುಟ್ಟಕೂಡದು ಎಂದು ಡಾಕ್ಟರರು ಹೇಳಿ ಕಳಿಸಿದರು.

ಇವರು ಬಿಡಲಿಲ್ಲ. ಗಾಡಿ ಬಿಟ್ಟರೆ ತಾವು ಯಾರು ಎಂಬುದೇ ಅವರಿಗೆ ತಿಳಿಯದಾಗಿತ್ತು. ನಾನು ಬರೆದಿಟ್ಟಿದ್ದನ್ನೇ ಓದಿ, ಯಾವ ವಾರ ಎಷ್ಟು ಹೊತ್ತಿಗೆ ಹೊರಡಬೇಕು, ಹುಣ್ಣಿಮೆಯ ಆಜುಬಾಜು ಎಷ್ಟು ದಿನ ಹೇಗೋ ನಡೆಯುತ್ತದೆ ಎಂದು ಲೆಕ್ಕ ಹಾಕಿಕೊಂಡಿದ್ದರು. ಗುಣವಾಗಲೆಂದು ನಾನು ಬರೆದದ್ದು ಅವರಿಗೆ ಮುಚ್ಚಿಡುವುದಕ್ಕೆ ಒದಗಿತು. ಉಳಿದ ದಿನಗಳಲ್ಲಿ ಏನು ಮಾಡುತ್ತಾರೆಂದು ನೋಡಲು ಒಂದು ಶನಿವಾರ, ಖಾನಾಪುರದ ತಂಗಿಯ ಮನೆಗೆ ಹೋಗಬೇಕೆಂದು ಹೇಳಿ ಟೆಂಪೋ ಹತ್ತಿದೆ.

ಪೀರನವಾಡಿ ದಾಟಿ ಗಾಡಿ ಬದಿಗೆ ನಿಲ್ಲಿಸಿದರು. ಯಾಕೆಂದು ಕೇಳಿದ್ದಕ್ಕೆ, “ಕಡೀ ಬಸ್ಸ ಬರ್ಲಿ” ಎಂದರು. ಬಸ್ಸು ಬಂದು ದಾಟಿತು. ನಮ್ಮ ಗಾಡಿಯ ದೀಪದ ಬೆಳಕಿನಲ್ಲಿ ಇವರಿಗೆ ರಸ್ತೆ ಕಾಣುತ್ತಿರಲಿಲ್ಲ; ಬಸ್ಸಿನ ಹಿಂದಿನ ಕೆಂಪು ದೀಪವೊಂದನ್ನೇ ಹಿಡಿದುಕೊಂಡು ಹೊರಟರು. ದೀಪ ಎಡಕ್ಕೆ ವಾಲಿದರೆ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ಇಷ್ಟು ದಿನ ಹೀಗೆಯೇ ಹೋಗಿದ್ದರು. ಅರ್ಧ ದಾರಿಯಲ್ಲಿ ಬಸ್ಸು ಜೋರಾಗಿ ಮುಂದೆ ಹೋಗಿ ತಿರುವಿನಲ್ಲಿ ಮರೆಯಾಯಿತು.

“ಮುಂದ ಏನೈತಿ ಹೇಳಕೋತ ಬಾ” ಎಂದರು. ದನಿ ಸಣ್ಣದಾಗಿತ್ತು.

ನಾನು ರಸ್ತೆ ನೋಡುವುದು ಬಿಟ್ಟು ಅವರ ಮುಖ ನೋಡಿದೆ. ತಿರುಗುವಷ್ಟರಲ್ಲಿ ಹುಲ್ಲು ಹೇರಿದ ಚಕ್ಕಡಿ ಮುಂದೆಯೇ ಇತ್ತು, ಅದರ ಕೆಳಗಿನ ಲಾಟೀನು ಆರಿತ್ತು. ಕೂಗಿದೆ, ಬ್ರೇಕ್ ಬಿತ್ತು, ಆದರೂ ತಾಗಿತು. ಬಲಗಡೆಯ ಎತ್ತು ಮುಗ್ಗರಿಸಿ ಮುಂಗಾಲು ಮುರಿದುಕೊಂಡಿತು. ಚಕ್ಕಡಿಯವನು ಎತ್ತಿನ ಮುಖ ತೊಡೆಯ ಮೇಲಿಟ್ಟುಕೊಂಡು ರಸ್ತೆಯಲ್ಲೇ ಕುಳಿತ. ಬೈಯಲಿಲ್ಲ.

“ಕಣ್ಣ ಕಾಣಲಿಲ್ಲೇನ್ರೀ?” ಎಂದಷ್ಟೇ ಕೇಳಿದ.

“ಲಾಟೀನ ಹಚ್ಚಬೇಕಿಲ್ಲೋ?” ಎಂದು ಇವರು ದಬಾಯಿಸಿದರು. ಉಳಿದ ದಾರಿ ನಾನು ಹೇಳುತ್ತ ಹೋಗಿ ಮುಟ್ಟಿದ ಮೇಲೆ, ಖಾನಾಪುರದ ಅಂಗಡಿಯವರಿಗೂ ಆಮೇಲೆ ಸಾವಕಾರರಿಗೂ ಅದನ್ನೇ ಹೇಳಿದರು. ಎಲ್ಲರೂ ನಂಬಿದರು. ಎತ್ತಿನವನಿಗೇ ಬುದ್ಧಿಯಿಲ್ಲವೆಂದು ಆಡಿಕೊಂಡರು. ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸೋಮವಾರ ನನ್ನ ಮಾತು ಕೇಳಿದ ಸಾವಕಾರರು ಗಾದಿಯ ಮೇಲಿಂದ ನನ್ನನ್ನೇ ನೋಡಿ, “ಖರೇ ಏನ್ರಿ ಅಕ್ಕೋರ, ಇಲ್ಲಾ ಮನ್ಯಾಗ ಏನರ ಜಗಳಾ?” ಎಂದರು.

“ಸಂಜೀಕ ಗೋದಾಮಿನ್ಯಾಗ ಒಂದ ದೀಪಾ ಆರಿಸಿ, ಅವರ ಮುಂದ ಕೈ ಚಾಚಿ ನೋಡ್ರಿ” ಎಂದೆ. ಅವರನ್ನು ಒಬ್ಬರನ್ನೇ ಕರೆಯಿರಿ ಎಂದು ಹೇಳುವುದು ನನಗೆ ಹೊಳೆಯಲಿಲ್ಲ.

ಏಳೂವರೆಗೆ ಒಬ್ಬ ಹಮಾಲ ಇವರ ಕೈ ಹಿಡಿದು ಮನೆಗೆ ತಂದು ಬಿಟ್ಟ. ಸಾವಕಾರರು ಎಲ್ಲರೆದುರು ದೀಪ ಆರಿಸಿದ್ದರಂತೆ. ಎರಡು ಸಲ ಕೈ ಚಾಚಿದರೂ ಇವರಿಗೆ ಕಾಣಲಿಲ್ಲವಂತೆ. ಹಮಾಲರು ಮೊದಲು ನಕ್ಕು ಆಮೇಲೆ ಸುಮ್ಮನಾದರಂತೆ. ಸಾವಕಾರರು ಟೆಂಪೋದ ಕೀಲಿಕೈ ಅಲ್ಲೇ ತೆಗೆದುಕೊಂಡರಂತೆ. ಹಗಲಿನಲ್ಲಿ ತೂಕದ ತಕ್ಕಡಿಯ ಹತ್ತಿರ ಕೂರಲು ಬಾ ಎಂದಿದ್ದರಂತೆ.

“ನನಗ ಒಂದ ಮಾತ ಹೇಳಿ ಹೋಗಬೇಕಿತ್ತ ನೀ” ಎಂದು ಇವರು ನನಗೆ ಹೇಳಿದರು.

“ಹೇಳಿದ್ರ ನೀವ ಹೋಗಗೊಡತಿದ್ರೇನು?”

ಅತ್ತೆ ಮಗನ ಕಾಲಿಗೆ ನೀರು ಕೊಟ್ಟು, ಒರೆಸಿಕೊಳ್ಳಲು ಪಂಜೆ ಕೈಗಿಟ್ಟು ಒಳಗೆ ಹೋದರು. ಇವರು ಕಾಲು ಒರೆಸಿಕೊಳ್ಳುತ್ತ, ಆ ಎತ್ತು ಏನಾಯಿತೆಂದು ಕೇಳಿದರು. ನನಗೂ ಗೊತ್ತಿರಲಿಲ್ಲ.

ಬೆಳಗಿನ ರೊಟ್ಟಿ ಮೆತ್ತಗಾಗಿದ್ದವು, ಮತ್ತೆ ಕೆಂಡದ ಮೇಲೆ ಸುಟ್ಟೆ. ಕಡಲೆಹಿಟ್ಟಿನ ಜುಣಕ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಇವರು ಒಂದೂವರೆ ರೊಟ್ಟಿ ತಿಂದರು, ನಾನು ಒಂದು. ಅತ್ತೆ ಮಜ್ಜಿಗೆ ಅಷ್ಟೇ ಕುಡಿದರು. ಎಷ್ಟೋ ದಿನಗಳ ಮೇಲೆ, ರವಿವಾರವಲ್ಲದ ರಾತ್ರಿ ಇವರ ಹಾಸಿಗೆ ಮನೆಯಲ್ಲಿ ಬಿತ್ತು. ಗೋಡೆಗೆ ಮುಖ ಮಾಡಿ ಮಲಗಿದರು. ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಅವರೇ.